ಹಳ್ಳ ಬಂತು ಅಂತ ಗಾಳ ತೆಗೀಬೇಡಿ

1/9

ಕ್ಲಾಸ್ ಗ್ರೂಪಲ್ಲಿ ಪೋಲ್ ನೋಡಿದ್ರಲ್ಲ. "ಶನಿವಾರ ರಾತ್ರಿ ಹತ್ತುಮೀನಿಗೆ ಯಾರ್ಯಾರು ಬರ್ತೀರಿ?" ಎಸ್ 14, ನೋ 1. ಆ ಒಂದು ನಂದು.

"ಏನೋ, ಪುಳಿಚಾರ್ ಪಾರ್ಟಿ ಸೇರ್ಕೊಂಡ್ಯಾ?" ಅಂತ ಕೇಳಿದ್ರಿ. ಇಲ್ಲ ಮಾರಾಯ್ರೆ. ನಾನು ಮೀನು ತಿಂತೀನಿ, ಗಾಳ ಹಾಕ್ತೀನಿ, ಎರೆಹುಳ ಸಿಕ್ಕಿಸಿದ ಕೈಯಲ್ಲೇ ಬನ್ನೂ ತಿಂತೀನಿ. ಆದ್ರೂ ಈ ಶನಿವಾರ ಬರಲ್ಲ. ನೀವೂ ಹೋಗಬೇಡಿ ಅಂತ ಹೇಳೋಕೇ ಇದನ್ನ ಬರೀತಾ ಇರೋದು. ಗ್ರೂಪಲ್ಲಿ ಬರೆದ್ರೆ ಎರಡು ನಿಮಿಷದಲ್ಲಿ ಸ್ಟಿಕ್ಕರ್ ಅಡಿಗೆ ಹೋಗುತ್ತೆ, ಅದಕ್ಕೆ ಇಲ್ಲಿ. 9 ಪೋಸ್ಟ್ ಇದೆ, ಪೂರ್ತಿ ಓದಿ ಆಮೇಲೆ ಬೈರಿ.

ಗೊತ್ತಿಲ್ಲದ ಬಯಲುಸೀಮೆ ಫಾಲೋವರ್ಸ್‌ಗೆ ಒಂದು ಮಾತು. ಹತ್ತುಮೀನು ಅಂದ್ರೆ 10 ಮೀನಲ್ಲ. ಮುಂಗಾರು ಹಿಡಿದು ಹಳ್ಳಕ್ಕೆ ಕೆಂಪು ನೀರು ಬಂದ ತಕ್ಷಣ ಹೊಳೆಯ ಮೀನು ನೀರಿಗೆ ಎದುರಾಗಿ ಹಳ್ಳ, ತೋಡು, ಗದ್ದೆ ಕಡೆ ಹತ್ತುತ್ತೆ. ಹತ್ತೋ ಮೀನು ಹತ್ತುಮೀನು. ತುಳುನಾಡಿನವರು ಉಬರ್ ಅಂತಾರೆ. ರಾತ್ರಿ ಟಾರ್ಚು, ಕತ್ತಿ, ಬಲೆ, ಚೀಲ ಹಿಡ್ಕೊಂಡು ಹೋಗೋದು ನಮ್ಮ ಕಡೆ ವರ್ಷಕ್ಕೊಂದು ಹಬ್ಬ ಇದ್ದ ಹಾಗೆ.

ನನ್ನ ಮಾತು ಇಷ್ಟೇ: ಮೊದಲ ಮಳೆಯಿಂದ ಜುಲೈ ಮುಗಿಯೋವರೆಗೆ, ಶೋಕಿಗೆ ಮೀನು ಹಿಡಿಯೋ ನಾವು ಹಳ್ಳ-ಗದ್ದೆಗೆ ಗಾಳ, ಬಲೆ, ಕತ್ತಿ ಇಳಿಸಬಾರದು.

2/9

ಮೊದಲು ಆ ಚಟದ ಬಗ್ಗೆ. ಅದು ನನಗೂ ಇದೆ, ಅದನ್ನ ಕೀಳಾಗಿ ಮಾತಾಡಲ್ಲ.

ಫೆಬ್ರವರಿಗೆ ಹಳ್ಳ ಸಣ್ಣಗಾಗುತ್ತೆ. ಮಾರ್ಚಲ್ಲಿ ಬರೀ ಗುಂಡಿ ಉಳಿಯುತ್ತೆ. ಏಪ್ರಿಲ್‌ಗೆ ಕಲ್ಲಿನ ಮೇಲೆ ಒಣಗಿದ ಪಾಚಿ. ಗಾಳದ ಕೋಲು ಅಟ್ಟಕ್ಕೆ ಹೋಗುತ್ತೆ, ದಾರ ಸಿಕ್ಕು ಸಿಕ್ಕಾಗಿ ಡಬ್ಬಿಯಲ್ಲಿ ಬಿದ್ದಿರುತ್ತೆ. ಇಂಟರ್ನಲ್ಸ್‌ಗೆ ಓದೋಕೆ ಕೂತ್ರೆ ಕೈ ತಾನಾಗೇ ಫೋನಲ್ಲಿ ಮೀನಿನ ವಿಡಿಯೋ ಹುಡುಕುತ್ತೆ. ಮೇ ಕೊನೆಗೆ ಗುಡುಗು ಶುರುವಾದ್ರೆ ಊರಿಗೆ ಫೋನ್ ಮಾಡಿ ಅಮ್ಮ ಹೇಗಿದ್ದಾರೆ ಅಂತ ಕೇಳೋ ಮೊದಲು "ಹಳ್ಳ ಬಂತಾ?" ಅಂತ ಕೇಳ್ತೀವಿ. ರೋಹಿಣಿ ಮಳೆ ಕೈಕೊಟ್ರೆ ರೈತರಷ್ಟೇ ಬೇಜಾರು ನಮಗೂ ಆಗುತ್ತೆ.

ಇದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಮಳೆ ಯಾವತ್ತು ಬರುತ್ತೆ, ಹೊಳೆ ಎಷ್ಟು ಏರಿದೆ ಅಂತ ಮೈಯಲ್ಲೇ ಲೆಕ್ಕ ಇಟ್ಟುಕೊಂಡಿರೋರು ನಮ್ಮ ವಯಸ್ಸಲ್ಲಿ ಎಷ್ಟು ಜನ ಉಳಿದಿದ್ದಾರೆ ಹೇಳಿ.

ತೊಂದರೆ ಇರೋದು ಒಂದೇ ಕಡೆ. ನಾಲ್ಕು ತಿಂಗಳು ಕಾದವನಿಗೆ ಹಳ್ಳ ಬಂದ ರಾತ್ರಿಯೇ ಹೋಗಬೇಕು ಅನ್ಸುತ್ತೆ. ಮೀನಿಗೆ ವರ್ಷದಲ್ಲಿ ತೀರಾ ಅಗತ್ಯದ ರಾತ್ರಿಯೂ ಅದೇ. ನಮ್ಮ ಕ್ಯಾಲೆಂಡರೂ ಅದರ ಕ್ಯಾಲೆಂಡರೂ ಒಂದೇ ತಾರೀಖಿಗೆ ಬಂದು ಡಿಕ್ಕಿ ಹೊಡೆಯುತ್ತೆ. ನಾವು ಪಕ್ಕಕ್ಕೆ ಸರಿದ್ರೆ ಎರಡು ತಿಂಗಳ ಬೇಜಾರು. ಮೀನಿಗೆ ಸರಿಯೋಕೆ ಇನ್ನೊಂದು ತಾರೀಖೇ ಇಲ್ಲ.

3/9

ಅದು ಯಾಕೆ ಹತ್ತುತ್ತೆ?

ಬೇಸಿಗೆಯ ಬಿಸಿ ನೀರಿಗೆ ಮಳೆಯ ತಣ್ಣೀರು ಸೇರುತ್ತೆ, ಹರಿವು ಜೋರಾಗುತ್ತೆ, ನೀರು ಕದಡುತ್ತೆ. ಪಶ್ಚಿಮ ಘಟ್ಟದ ಎಷ್ಟೋ ಜಾತಿ ಮೀನಿಗೆ ಮೊಟ್ಟೆ ಇಡೋ ಸಮಯ ಬಂತು ಅನ್ನೋ ಸೂಚನೆ ಇದೇ. ಕೆಲವು ಮೇಲ್ಗಡೆ ಕಲ್ಲು-ಜಲ್ಲಿ ಇರೋ ಹರಿವಿಗೆ ಹೋಗುತ್ತೆ. ಕೆಲವು ಗದ್ದೆಯ ತೆಳುನೀರಿಗೆ ಬರುತ್ತೆ. ಗದ್ದೆ ಯಾಕೆ ಅಂದ್ರೆ ಅಲ್ಲಿ ನೀರು ಬೆಚ್ಚಗೆ, ಹರಿವು ಕಮ್ಮಿ, ಮರಿಗೆ ತಿನ್ನೋಕೆ ಕಣ್ಣಿಗೆ ಕಾಣದ ಹುಳ-ಹುಪ್ಪಟೆ ಬೇಕಾದಷ್ಟು, ಮರಿ ನುಂಗೋ ದೊಡ್ಡ ಮೀನು ಕಮ್ಮಿ. ನಮಗೆ ಅದು ಭತ್ತದ ಗದ್ದೆ. ಮೀನಿಗೆ ಹೆರಿಗೆ ವಾರ್ಡು, ಅಂಗನವಾಡಿ ಎರಡೂ.

ಹೊಟ್ಟೆ ತುಂಬಾ ಮೊಟ್ಟೆ ಇರೋ ಮೀನು ಸರಸರ ಈಜಲ್ಲ. ತೆಳುನೀರಲ್ಲಿ ಅರ್ಧ ಬೆನ್ನು ಹೊರಗೆ ಹಾಕ್ಕೊಂಡು ತೆವಳ್ತಾ ಇರುತ್ತೆ. ಅದಕ್ಕೇ ಕತ್ತಿಯಲ್ಲಿ ಕಡಿಯೋಕೆ ಆಗೋದು. "ಒಂದೇ ಏಟಿಗೆ ಬಿತ್ತು ಮಗಾ" ಅಂತ ರೀಲಲ್ಲಿ ಹೇಳ್ತೀರಲ್ಲ, ಅದರಲ್ಲಿ ನಿಮ್ಮ ಕೈಚಳಕ ಏನಿದೆ? ಅದು ಓಡಲಾರದ ಸ್ಥಿತಿಯಲ್ಲಿತ್ತು, ಅಷ್ಟೇ.

ಹಿಡಿದು ಬಿಟ್ಟುಬಿಡ್ತೀವಿ ಅನ್ನೋರಿಗೂ ಒಂದು ಮಾತು. ಪಕ್ವವಾದ ಮೀನನ್ನ ಕೈಯಲ್ಲಿ ಒತ್ತಿ ಹಿಡಿದ್ರೆ ಮೊಟ್ಟೆ ಅಲ್ಲೇ ಸುರಿದುಹೋಗುತ್ತೆ. ಫೋಟೋ ತೆಗೆದು ನೀರಿಗೆ ಬಿಟ್ಟದ್ದು ಖಾಲಿ ಹೊಟ್ಟೆಯ ಮೀನನ್ನ.

4/9

ಕೆರೆ ಕಡೆ ಹೋಗೋರಿಗೆ. ಕೊರವ, ಕೆಲವು ಊರಲ್ಲಿ ಕುಚ್ಚು, ಯೂಟ್ಯೂಬಲ್ಲಿ ಮುರೆಲ್. ಈ ಮೀನು ಮೊಟ್ಟೆ ಇಟ್ಟು ಹೋಗಿಬಿಡಲ್ಲ, ಮರಿ ಕಾಯುತ್ತೆ. ನೀರಿನ ಮೇಲ್ಭಾಗದಲ್ಲಿ ಕೆಂಪು-ಕಿತ್ತಳೆ ಬಣ್ಣದ ಸಣ್ಣ ಮರಿಗಳು ಒಂದು ಉಂಡೆ ಥರ ಗುಂಪಾಗಿ ಮೇಲೆ ಬಂದು ಗುಳುಗುಳು ಗಾಳಿ ಎಳೆದು ಕೆಳಗೆ ಹೋಗ್ತಾವೆ. ಅದರ ಅಡಿಯಲ್ಲೇ ದೊಡ್ಡದು ಇರುತ್ತೆ.

ಇದು ಗೊತ್ತಿರೋ ಕೆಲವರು ಮಾಡೋದು ಏನು? ರಬ್ಬರ್ ಕಪ್ಪೆಯನ್ನ ಸರಿಯಾಗಿ ಆ ಉಂಡೆಯ ಮೇಲೆ ಎಸೀತಾರೆ. ಮರಿಗೆ ಏನೋ ಅಪಾಯ ಬಂತು ಅಂತ ದೊಡ್ಡ ಮೀನು ನುಗ್ಗಿ ಕಚ್ಚುತ್ತೆ. ಅದಕ್ಕೆ ಹಸಿವಾಗಿ ಕಚ್ಚಿದ್ದಲ್ಲ. ಆಮೇಲೆ "ಮಾನ್ಸ್ಟರ್ ಮುರೆಲ್" ಅಂತ ಥಂಬ್‌ನೇಲ್.

ಕಾವಲು ಹೋದ ಮರಿಗಳ ಉಂಡೆಗೆ ಏನಾಗುತ್ತೆ ಅಂತ ಯಾವ ವಿಡಿಯೋದಲ್ಲೂ ತೋರಿಸಲ್ಲ. ಬೇರೆ ಮೀನು, ನೀರುಕಾಗೆ, ಹಾವು ತಿಂದು ಮುಗಿಸುತ್ತೆ. ನಿಮ್ಮ ಚೀಲಕ್ಕೆ ಬಿದ್ದದ್ದು ಒಂದು, ಕೆರೆಯಿಂದ ಹೋದದ್ದು ಒಂದು ಸಂಸಾರ.

ಗಾಳ ಹಾಕೋದು ಒಂದು ವಿದ್ಯೆ ಅಂತ ನಾನು ನಂಬ್ತೀನಿ. ನೀರು ಓದಬೇಕು, ನೆರಳು ನೋಡಬೇಕು, ಸುಮ್ಮನೆ ಕೂರೋದು ಕಲೀಬೇಕು. ಮರಿ ಕಾಯೋ ಮೀನನ್ನ ರೇಗಿಸಿ ಹಿಡಿಯೋಕೆ ಈ ಯಾವುದೂ ಬೇಡ. ಬಯೋದಲ್ಲಿ ತೇಜಸ್ವಿ ಹೆಸರು ಹಾಕ್ಕೊಂಡಿರೋ ಗೆಳೆಯರೇ, ತೇಜಸ್ವಿ ಗಾಳ ಹಾಕ್ತಿದ್ದರು, ನಿಜ. ಅವರಿಂದ ಗಾಳ ಒಂದನ್ನೇ ತಗೊಂಡು ಕುತೂಹಲನ ಅಲ್ಲೇ ಬಿಟ್ಟು ಬಂದ್ರೆ ಹೇಗೆ?

5/9

ಈಗ ನಮ್ಮ ಸಬ್ಜೆಕ್ಟು. ಬಿಕಾಂ ಓದ್ತಾ ಇದೀವಿ, ಲೆಕ್ಕ ಮಾಡೋಣ.

ಮೊಟ್ಟೆ ತುಂಬಿದ ಒಂದು ಮೀನು. ದೊಡ್ಡ ಜಾತಿಗಳಲ್ಲಿ ಮೊಟ್ಟೆ ಲಕ್ಷ ದಾಟುತ್ತೆ, ನಾವು ಲೆಕ್ಕಕ್ಕೆ ಅಂತ ಬರೀ 10,000 ಇಟ್ಕೊಳ್ಳೋಣ. ಅದರಲ್ಲಿ ನೂರಕ್ಕೆ 99 ಹಾಳಾಗಲಿ. ಉಳಿದದ್ದು 100 ಮರಿ. ಅದರಲ್ಲೂ 90 ಕೊಕ್ಕರೆ, ಕಪ್ಪೆ, ಏಡಿ ಪಾಲಾಗಲಿ. ಆದ್ರೂ 10 ಉಳೀತು. ಜೂನಲ್ಲಿ 1 ಕಡಿದವನು ಮುಂದಿನ ವರ್ಷಗಳ 10 ಮೀನನ್ನೂ, ಅವುಗಳ ಮರಿಗಳನ್ನೂ ಸೇರಿಸಿ ಕಡಿದ. ಇದೇ ಮೀನನ್ನ ಅಕ್ಟೋಬರಲ್ಲಿ ಹಿಡಿದಿದ್ರೆ ಹೋಗ್ತಿದ್ದದ್ದು 1 ಮಾತ್ರ. ತೂಕ ಅಷ್ಟೇ, ಸಾರೂ ಅಷ್ಟೇ. ತಾರೀಖು ಒಂದೇ ಬೇರೆ.

ಅಸಲು ಮುಟ್ಟದೆ ಬಡ್ಡಿ ತಿನ್ನೋನು ಜಾಣ ಅಂತ ಅಂಗಡಿ ಇಟ್ಟವರ ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಹೇಳಿಕೊಡ್ತಾರೆ. ನಾವು ಮೂರು ವರ್ಷ ಫೀಸು ಕಟ್ಟಿ ಅದನ್ನೇ ದಪ್ಪ ಪುಸ್ತಕದಲ್ಲಿ ಓದ್ತೀವಿ. ಓಪನಿಂಗ್ ಸ್ಟಾಕನ್ನೇ ಮಾರಿ ಲಾಭ ಅಂತ ತೋರಿಸಿದ್ರೆ ಮೇಷ್ಟ್ರು ಸೊನ್ನೆ ಹಾಕ್ತಾರೆ. ಹೊಳೆಯಲ್ಲಿ ಅದನ್ನೇ ಮಾಡಿದ್ರೆ ಲೈಕ್ ಬರುತ್ತೆ.

ಮೊಟ್ಟೆ ಫ್ರೈ ರುಚಿ ನನಗೂ ಗೊತ್ತು, ಕಾಳುಮೆಣಸು ಹಾಕಿ ಹುರಿದ್ರೆ ತಟ್ಟೆ ಬಿಡೋಕೆ ಆಗಲ್ಲ. ಆದ್ರೂ ಅದು ಮುಂದಿನ ಐದು ವರ್ಷದ ಸಾರು ಅನ್ನೋದು ಸುಳ್ಳಾಗಲ್ಲ.

6/9

"ನಮ್ಮಜ್ಜನೂ ಹಿಡೀತಿದ್ದ, ಆವಾಗ ಮೀನು ಕಮ್ಮಿ ಆಗಿತ್ತಾ?"

ಇದು ನನಗೆ ಬಂದ ಮೊದಲ ಡಿಎಂ. ಒಳ್ಳೇ ಪ್ರಶ್ನೆ, ಸರಿಯಾಗಿ ಉತ್ತರ ಕೊಡಬೇಕು.

ಅಜ್ಜ ತನ್ನ ಗದ್ದೆಯ ಕಡೆಗೆ ಒಂದು ಬಿದಿರಿನ ಕೂಣಿ ಇಡ್ತಿದ್ದ. ಸಿಕ್ಕಿದ್ದು ಮನೆಗೆ, ಹೆಚ್ಚಾದ್ರೆ ಪಕ್ಕದ ಮನೆಗೆ. ಬೆಳಕು ಅಂದ್ರೆ ಸೂಡಿ, ಅದೂ ಮಳೆಗೆ ಆರಿಹೋಗ್ತಿತ್ತು. ಹಳ್ಳದ ಈ ದಡದಿಂದ ಆ ದಡದವರೆಗೆ ಅಡ್ಡ ಕಟ್ಟೋಕೆ ನೈಲಾನ್ ಬಲೆ ಇರಲಿಲ್ಲ. ಮೈಲಿ ಮೈಲಿ ಗದ್ದೆ ಇತ್ತು, ಒಬ್ಬನ ಕೂಣಿ ತಪ್ಪಿಸಿಕೊಂಡ ಮೀನಿಗೆ ಮೊಟ್ಟೆ ಇಡೋಕೆ ಇನ್ನೊಬ್ಬನ ಗದ್ದೆ ಇತ್ತು.

ಈಗ? ಆ ಗದ್ದೆಗಳಲ್ಲಿ ಎಷ್ಟೋ ಅಡಿಕೆ ತೋಟ ಆಗಿವೆ, ಸೈಟ್ ಆಗಿವೆ. ಉಳಿದಿರೋ ನಾಲ್ಕು ಗದ್ದೆಗೆ ಹೆಡ್‌ಲ್ಯಾಂಪ್ ಕಟ್ಕೊಂಡ 14 ಜನ ಬೈಕಲ್ಲಿ ಇಳೀತೀವಿ. ಯಾರೋ ಒಬ್ಬ ಲೊಕೇಶನ್ ಟ್ಯಾಗ್ ಮಾಡ್ತಾನೆ, ಮರುದಿನ ಪಕ್ಕದ ತಾಲೂಕಿಂದ ಇನ್ನಷ್ಟು ಬೈಕು. ಅಜ್ಜನ ಹೆಸರು ಹೇಳಿ ಅಜ್ಜ ಕನಸಲ್ಲೂ ಮಾಡದ ಕೆಲಸ ಮಾಡೋದು ಯಾವ ಸಂಪ್ರದಾಯ?

ಬಿಡೋದು ಹೇಗೆ ಅನ್ನೋದೂ ಆ ತಲೆಮಾರಿಗೆ ಗೊತ್ತಿತ್ತು. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿಯ ಛಿಪ್ಪಲಗುಡ್ಡೆಯಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವರ ಮೀನು ಅಂತ ಹೊಳೆಯ ಒಂದೊಂದು ತುಂಡನ್ನ ಮುಟ್ಟದೆ ಉಳಿಸಿದ್ರು. ಶಿಶಿಲದಲ್ಲಿ 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರಿನವರು ಸತ್ತ ಮೀನುಗಳಿಗೆ ಒಂದು ಸ್ಮಾರಕ ಕಟ್ಟಿದ್ರು. ಹೋದ್ರೆ ನೋಡ್ಕೊಂಡು ಬನ್ನಿ.

7/9

"ಡ್ಯಾಮ್ ಕಟ್ಟಿದ್ದು ನಾವಾ? ಮರಳು ತೆಗೆದದ್ದು ನಾವಾ? ನಾಲ್ಕು ಮೀನು ಹಿಡಿಯೋ ನಮ್ಮ ಮೇಲೇ ಯಾಕೆ?"

ಎರಡನೇ ಡಿಎಂ. ಇದರಲ್ಲಿ ಅರ್ಧ ಸತ್ಯ ಇದೆ, ಅದನ್ನ ಒಪ್ಪದೆ ಮುಂದೆ ಹೋಗಲ್ಲ. ಗಾಜನೂರು, ಲಕ್ಕವಳ್ಳಿ ಅಣೆಕಟ್ಟು ಹತ್ತಿ ಮೀನು ಮೇಲೆ ಹೋಗಲ್ಲ. ಮರಳು ಬಗೆದ ಕಡೆ ಮೊಟ್ಟೆ ಇಡೋ ಜಾಗವೇ ಇಲ್ಲ. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯೋ ಬೋರ್ಡೋದಲ್ಲಿ ಮೈಲುತುತ್ತ ಇದೆ, ತಾಮ್ರ ಮೀನಿಗೆ ವಿಷ. ಅದು ಮಳೆಯಲ್ಲೇ ತೊಳೆದು ತೋಡಿಗೆ ಇಳಿಯುತ್ತೆ.

ಇದೆಲ್ಲ ದಾಟಿ ನಮ್ಮೂರ ಗದ್ದೆಯವರೆಗೆ ಬಂದ ಮೀನು ಎಷ್ಟು ಉಳಿದಿರುತ್ತೆ ಯೋಚ್ನೆ ಮಾಡಿ. ಉಳಿದ ಆ ಕೆಲವಕ್ಕೆ ಕೊನೇ ತಿರುವಲ್ಲಿ ಕತ್ತಿ ಹಿಡ್ಕೊಂಡು ನಿಂತಿರೋದು ನಾವು. ಡ್ಯಾಮ್ ಇಳಿಸೋಕೆ ನಮ್ಮ ಕೈಯಲ್ಲಿ ಆಗಲ್ಲ, ಕತ್ತಿ ಇಳಿಸೋಕೆ ಆಗುತ್ತೆ.

"ಬಡವರ ಊಟ ಕಿತ್ಕೋತೀಯಾ?" ಅನ್ನೋದು ಮೂರನೆಯದು. ಖಂಡಿತ ಇಲ್ಲ. ಮನೆಯಲ್ಲಿ ಸಾರಿಗೆ ಬೇರೆ ಏನೂ ಇಲ್ಲ ಅಂತ ಗದ್ದೆಗೆ ಹೋಗೋ ಅಪ್ಪ-ಅಮ್ಮಂದಿರ ಬಗ್ಗೆ ನಾನು ಒಂದಕ್ಷರ ಬರೆದಿಲ್ಲ, ಬರೆಯೋದೂ ಇಲ್ಲ. ಅವರು ರೀಲ್ ಮಾಡಲ್ಲ. ನಾನು ಮಾತಾಡ್ತಿರೋದು ಪೆಟ್ರೋಲ್‌ಗೆ 300, ರಾತ್ರಿ ಪಾರ್ಟಿಗೆ 500 ಖರ್ಚು ಮಾಡಿ 200 ರೂಪಾಯಿ ಮೀನು ತರೋ ನಮ್ಮ ಬಗ್ಗೆ. ನಮ್ಮ ಮೋಜಿಗೆ ಬಡವರನ್ನ ಅಡ್ಡ ಹಿಡೀಬೇಡಿ. ಹತ್ತುಮೀನು ಪೂರ್ತಿ ನಿಂತ ದಿನ ಮೊದಲು ಖಾಲಿ ಆಗೋದು ಅವರ ತಟ್ಟೆ. ನಾವು ಹೋಟೆಲಿಗೆ ಹೋಗಿ ಬಂಗುಡೆ ಫ್ರೈ ಆರ್ಡರ್ ಮಾಡ್ತೀವಿ.

8/9

ಕಾಯೋದು ಅಷ್ಟು ಕಷ್ಟವಾ?

ಕರಾವಳಿ ನೋಡಿ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರೀಕೃತ ದೋಣಿ ಸಮುದ್ರಕ್ಕೆ ಇಳಿಯೋ ಹಾಗಿಲ್ಲ. 10 ಎಚ್‌ಪಿ ಒಳಗಿನ ಮೋಟಾರಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಮಲ್ಪೆ, ಮಂಗಳೂರು, ಕಾರವಾರದ ಬಂದರಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತೆ. ಬೋಟಿನ ಸಾಲಕ್ಕೆ ಬ್ಯಾಂಕು 61 ದಿನ ಬಡ್ಡಿ ಬಿಡಲ್ಲ. ಕೆಲಸದವರ ಮನೆಯಲ್ಲಿ ಶಾಲೆ ಶುರುವಾಗಿರುತ್ತೆ, ಯೂನಿಫಾರ್ಮು, ಪುಸ್ತಕ, ಫೀಸು. ಆದ್ರೂ ಬಲೆ ಹೊಲೀತಾ ಕಾಯ್ತಾರೆ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸ್ತಾರೆ. ಸಮುದ್ರವೇ ಹೊಟ್ಟೆಪಾಡು ಆಗಿರೋರು ಕಾಯ್ತಾರೆ. ಶನಿವಾರ-ಭಾನುವಾರದ ಮೀನುಗಾರರಾದ ನಮಗೆ ಆಗಲ್ವಾ?

ಹಿಮಾಚಲದಲ್ಲಿ ಟ್ರೌಟ್ ಮೀನು ಮೊಟ್ಟೆ ಇಡೋದು ಚಳಿಗಾಲದಲ್ಲಿ. ಅದಕ್ಕೆ ನವೆಂಬರ್ 1ರಿಂದ ಫೆಬ್ರವರಿ ಕೊನೆವರೆಗೆ ಗಾಳ ಹಾಕೋ ಹಾಗಿಲ್ಲ. ಅಲ್ಲಿನ ಗಾಳದವರು ಹಿಮ ನೋಡ್ತಾ ಮಾರ್ಚ್ ಎಣಿಸ್ತಾರೆ, ನಾವು ಮೋಡ ನೋಡ್ತಾ ಜೂನ್ ಎಣಿಸೋ ಹಾಗೆ. ಇಂಗ್ಲೆಂಡಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ರಜೆ. ಜೂನ್ 16 ಶುರುವಾಗೋ ಮಧ್ಯರಾತ್ರಿಗೆ ಮೊದಲ ಗಾಳ ಎಸೆಯೋಕೆ ಅಂತ ಜನ ಫ್ಲಾಸ್ಕಲ್ಲಿ ಟೀ ತುಂಬ್ಕೊಂಡು ದಡದಲ್ಲಿ ಕೂತಿರ್ತಾರೆ. ಪಕ್ಕದ ಕೇರಳದಲ್ಲಿ ನಮ್ಮ ಹತ್ತುಮೀನಿಗೆ ಊತ್ತ ಅಂತಾರೆ. ಅಲ್ಲಿ ಅಡ್ಡಗಟ್ಟಿ ಹಿಡಿದ್ರೆ 2010ರ ಒಳನಾಡು ಮೀನುಗಾರಿಕೆ ಕಾಯ್ದೆಯಲ್ಲಿ ದಂಡ, ಜೈಲು ಎರಡೂ ಇದೆ.

ಅವರಿಗೂ ನಮ್ಮಷ್ಟೇ ಚಟ ಇದೆ. ಕಾದದ್ದಕ್ಕೆ ಅವರ ಚಟ ಸತ್ತಿಲ್ಲ, ಆ ಮೊದಲ ದಿನ ಹಬ್ಬ ಆಗಿದೆ.

9/9

ಹಾಗಾದ್ರೆ ಏನು ಮಾಡೋದು? ಭಾಷಣ ಸಾಕು, ಕೆಲಸ ಹೇಳ್ತೀನಿ.

ಒಂದು, ಜುಲೈ ಮುಗಿಯೋವರೆಗೆ ಹಳ್ಳ, ತೋಡು, ಗದ್ದೆಯಲ್ಲಿ ಗಾಳ-ಬಲೆ-ಕತ್ತಿ ಇಲ್ಲ. ಕೆರೆಯಲ್ಲಿ ಕೆಂಪು ಮರಿ ಉಂಡೆ ಕಂಡ್ರೆ ಯಾವ ತಿಂಗಳಾದ್ರೂ ಅಲ್ಲಿಂದ ಗಾಳ ತೆಗೀರಿ.

ಎರಡು, ಮನೆಯಲ್ಲಿ ಕೂಣಿ ಇಡೋ ಪದ್ಧತಿ ಇದ್ರೆ ಅಪ್ಪನ ಹತ್ರ ಜಗಳ ಆಡೋದು ಬೇಡ. ತೋಡಿನ ಅರ್ಧ ಬಾಯಿ ತೆರೆದಿಡೋಣ ಅಂತ ಕೇಳಿ ನೋಡಿ. ಬಲೆಯನ್ನ ದಡದಿಂದ ದಡಕ್ಕೆ ಅಡ್ಡ ಕಟ್ಟೋದನ್ನ ಮಾತ್ರ ಯಾರು ಮಾಡಿದ್ರೂ ಬೇಡ ಅನ್ನಿ.

ಮೂರು, ಹತ್ತುಮೀನು ರೀಲಿಗೆ ಲೈಕ್ ಕೊಡಬೇಡಿ, ಜಾಗದ ಹೆಸರು ಕಾಮೆಂಟಲ್ಲಿ ಕೇಳಬೇಡಿ, ಕೇಳಿದವರಿಗೆ ಹೇಳಬೇಡಿ. ಈ ಚಟಕ್ಕೆ ಬೆಂಕಿ ಹಚ್ಚಿದ್ದು ಇದೇ ಆ್ಯಪ್, ಆರಿಸೋದೂ ಇಲ್ಲಿಂದಲೇ ಶುರುವಾಗಲಿ.

ನಾಲ್ಕು, ತೋಟೆ ಸಿಡಿಸೋದು, ಬ್ಯಾಟರಿ ಕರೆಂಟ್ ಬಿಡೋದು, ಬ್ಲೀಚಿಂಗ್ ಪೌಡರ್ ಹಾಕೋದು ಕಂಡ್ರೆ ಸುಮ್ಮನಿರಬೇಡಿ. ಸ್ಫೋಟಕ, ವಿಷ ಹಾಕಿ ಮೀನು ಕೊಲ್ಲೋದನ್ನ 1897ರ ಬ್ರಿಟಿಷರ ಕಾಯ್ದೆಯೇ ಅಪರಾಧ ಅಂದಿತ್ತು. ಪಂಚಾಯ್ತಿಗೆ, ಮೀನುಗಾರಿಕೆ ಇಲಾಖೆಗೆ, ಪೊಲೀಸರಿಗೆ ಹೇಳಿ. ಒಬ್ಬರೇ ಹೋಗಿ ಎದುರು ಹಾಕ್ಕೋಬೇಡಿ.

ಐದು, ರಾತ್ರಿ ಹೋಗಲೇಬೇಕು ಅನ್ಸಿದ್ರೆ ಬರಿಗೈಯಲ್ಲಿ ಹೋಗಿ. ಟಾರ್ಚನ್ನ ಸ್ವಲ್ಪ ಓರೆಯಾಗಿ ಹಿಡಿದು ತೋಡಿನ ಏರಿಯಲ್ಲಿ ಕೂತ್ಕೊಳ್ಳಿ. ಅಂಗೈಯಗಲ ನೀರಲ್ಲಿ ಮೀನು ಹಾರಿ, ಬಿದ್ದು, ಮತ್ತೆ ಹಾರೋದನ್ನ ಒಂದು ಸಲ ನೋಡಿ. ಆಮೇಲೂ ಕತ್ತಿ ಎತ್ತೋಕೆ ಮನಸ್ಸು ಬಂದ್ರೆ ನನ್ನನ್ನ ಅನ್‌ಫಾಲೋ ಮಾಡಿ, ಬೇಜಾರಿಲ್ಲ.

ಮಧ್ಯದ ಎರಡು ತಿಂಗಳು ದಾರದ ಸಿಕ್ಕು ಬಿಡಿಸಿ, ತುಕ್ಕು ಹಿಡಿದ ಗಾಳ ಬದಲಿಸಿ, ನಿಮ್ಮೂರ ಹೊಳೆಯ ಮೀನುಗಳ ಹೆಸರನ್ನ ಹಿರಿಯರ ಹತ್ರ ಕೇಳಿ ಬರೆದಿಡಿ. ಆರಿದ್ರಾ, ಪುಷ್ಯ, ಆಶ್ಲೇಷ, ಮಘೆ ಎಲ್ಲ ಸುರಿದು ಹೋಗಲಿ. ಹಸ್ತಾ ಕಳೆದು ಚಿತ್ತಾ ಬಂದು ಹೊಳೆ ತಿಳಿಯಾಗಿ ತಳದ ಕಲ್ಲು ಕಾಣೋಕೆ ಶುರುವಾದ ಮೊದಲ ಭಾನುವಾರ ಎಲ್ಲರೂ ಗಾಳ ತಗೊಂಡು ಬನ್ನಿ. ಎರೆಹುಳ ನಾನೇ ತೋಡಿ ತರ್ತೀನಿ, ಬನ್ ನೀವು ತನ್ನಿ.

#ಹತ್ತುಮೀನು #ಉಬರ್ #ಮುಂಗಾರು #ಮಲೆನಾಡು #ಚಿತ್ತಾವರೆಗೆಕಾಯೋಣ